ಪಂಜಿಮೂಲೆಯ ಐದನೇ ಎಲೆ

ಪಂಜಿಮೂಲೆ ಮನೆಯ ಚರಿತ್ರೆ ಕೇಳಿಕೊಂಡು ಬಂದವರಿಗೆ ಪೂವಮ್ಮ ಕಾಗದಪತ್ರ ತೋರಿಸುವುದಿಲ್ಲ. ಆಟಿ ತಿಂಗಳಲ್ಲಿ ಬನ್ನಿ, ಎಲೆ ನೋಡಿ ಎನ್ನುತ್ತಾಳೆ. ಅರವತ್ತನಾಲ್ಕರ ಹೆಂಗಸು, ಮಾತು ಕಮ್ಮಿ, ಆಡಿದರೆ ಖಾರ. ಆದರೆ ಆ ಮಾತಿನಲ್ಲಿ ಸುಳ್ಳಿಲ್ಲ. ವರ್ಷಕ್ಕೊಮ್ಮೆ ಆಟಿಯಲ್ಲಿ, ಅಂದರೆ ಆಷಾಢದ ಜಡಿಮಳೆಯಲ್ಲಿ, ಮನೆಯ ಸತ್ತವರಿಗೆ ಬಡಿಸುವ ಕ್ರಮ ನಮ್ಮ ಕಡೆ ಬಂಟರಿಗೂ ಉಂಟು, ಗೌಡರಿಗೂ ಉಂಟು. ಒಬ್ಬೊಬ್ಬರಿಗೆ ಒಂದೊಂದು ಬಾಳೆಎಲೆ. ಅದರಲ್ಲಿ ಕುಚ್ಚಲಕ್ಕಿ ಅನ್ನ, ರೊಟ್ಟಿ, ಕೋಳಿಸಾರು. ಬದುಕಿದ್ದಾಗ ಬೀಡಿ ಸೇದಿದವರಿಗೆ ಬೀಡಿ, ವೀಳ್ಯ ಜಗಿದವರಿಗೆ ವೀಳ್ಯ. ಹೆಸರು ಹೇಳಿ ಕರೆದು, ಬಾಗಿಲು ಮುಚ್ಚಿ, ಮನೆಯವರೆಲ್ಲ ಅಂಗಳಕ್ಕೆ ಬಂದು ನಿಲ್ಲಬೇಕು. ಅಷ್ಟು ಹೊತ್ತು ಯಾರೂ ತುಟಿ ಬಿಚ್ಚುವಂತಿಲ್ಲ. ಆಮೇಲೆ ಬಾಗಿಲು ತೆರೆದು ಅದೇ ಎಲೆಗಳ ಮುಂದೆ ಮನೆಯವರು ಕೂತು ಉಣ್ಣುವುದು.

ಪಂಜಿಮೂಲೆಯಲ್ಲಿ ಈಗ ನಾಲ್ಕು ಎಲೆ. ಪೂವಮ್ಮನ ಮಾವ, ಅತ್ತೆ, ಮೈದುನ, ಕಡೆಗೆ ಗಂಡ ಪದ್ಮಯ್ಯ. ಐದನೆಯದೊಂದು ಇರಬೇಕಿತ್ತು. ನಲವತ್ತು ವರ್ಷದಿಂದ ಅದನ್ನು ಇಲ್ಲಿ ಯಾರೂ ಹಾಕಿಲ್ಲ, ಹಾಕದ್ದಕ್ಕೆ ಕಾರಣ ತಾನೇ ಎಂಬುದು ಪೂವಮ್ಮನಿಗೆ ಗೊತ್ತು.

ಈ ಆಟಿ ಕಳೆದರೆ ಮನೆಯೇ ಇಲ್ಲ. ಮಗ ಭವಿತ್ ಕುಂಬ್ರದಲ್ಲಿ ತನ್ನ ಬೇಕರಿಯ ಹಿಂದೆ ತಾರಸಿ ಮನೆ ಕಟ್ಟಿಸಿದ್ದಾನೆ, ಮುಂದಿನ ತಿಂಗಳು ಗೃಹಪ್ರವೇಶದ ಒಕ್ಕಲು. ಹಳೆ ಮನೆಯನ್ನು ಮರದ ವ್ಯಾಪಾರಿ ಅಸ್ಕರ್ ಕೊಂಡಿದ್ದಾನೆ. ಬಿಚ್ಚಿ ಕಂಬ, ಜಂತಿ, ಬಾಗಿಲು ಬೇರೆ ಬೇರೆ ಮಾರುತ್ತಾನೆ. ಅದಕ್ಕೆ ಮೊದಲು ಕಡೆಯ ಸಲ ಇಲ್ಲಿ ಬಡಿಸಿ, 'ಇನ್ನು ಆ ಮನೆಗೆ ಬನ್ನಿ' ಎಂದು ನಾಲ್ವರನ್ನೂ ಕರೆದುಕೊಂಡು ಹೋಗಬೇಕು. ಐದನೆಯವರನ್ನು ಏನು ಮಾಡುವುದು, ಯಾರಿಗೆ ಬಿಟ್ಟು ಹೋಗುವುದು ಎಂಬ ಒಂದೇ ಚಿಂತೆ ಪೂವಮ್ಮನನ್ನು ಎರಡು ತಿಂಗಳಿಂದ ತಿನ್ನುತ್ತಿದೆ.

ಆ ಐದನೆಯವರು ಗೌಡರಲ್ಲ. ಮನೆ ಕಟ್ಟಿಸಿದ ಬಂಟರ ಕುಟುಂಬದ ಹೆಂಗಸು, ಅಮ್ಮು. ಊರಿಗೆಲ್ಲ ಅಮ್ಮಕ್ಕ.

ಬಂಟರಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದು. ಭೂಮಸೂದೆಯಲ್ಲಿ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ ಅಮ್ಮಕ್ಕನ ತಂಗಿ, ತಂಗಿಯ ಮಕ್ಕಳು ಪುತ್ತೂರು ಪೇಟೆಗೆ ಹೊರಟರು. ಮನೆಯನ್ನು ಆಲೆಟ್ಟಿಯಿಂದ ಬಂದ ಪದ್ಮಯ್ಯನ ಅಪ್ಪನಿಗೆ ಮಾರಿದರು. ಹೋಗುವ ಮುಂಚೆ ತಮ್ಮ ಹಿರಿಯರಿಗೆಲ್ಲ ಬಡಿಸಿ, ಹೆಸರು ಹೇಳಿ, ಪೇಟೆಗೆ ಕರೆದುಕೊಂಡು ಹೋದರು. ಸತ್ತವರೆಲ್ಲ ಹೊರಟರು, ಬದುಕಿದ್ದ ಅಮ್ಮಕ್ಕ ಹೊರಡಲಿಲ್ಲ.

"ನಾನು ಹುಟ್ಟಿದ್ದು ಇಲ್ಲಿ. ಇಲ್ಲಿಂದ ನನ್ನನ್ನು ಹೊತ್ತುಕೊಂಡು ಹೋಗ್ಬೇಕು, ನಡೆಸಿಕೊಂಡು ಅಲ್ಲ," ಎಂದು ಕಂಬಕ್ಕೆ ಒರಗಿ ಕೂತುಬಿಟ್ಟರಂತೆ. ಗಂಡ ಇಲ್ಲ, ಮಕ್ಕಳಿಲ್ಲ, ವಯಸ್ಸು ಅರವತ್ತು ದಾಟಿದೆ. ಕಡೆಗೆ ಕ್ರಯಪತ್ರದಲ್ಲೇ ಒಂದು ಸಾಲು ಸೇರಿಸಿದರು. ಅಮ್ಮುವಿನ ಜೀವಮಾನ ಪರ್ಯಂತ ಮೂಡುಬದಿಯ ಕೋಣೆ ಆಕೆಗೆ ಸೇರಿದ್ದು ಎಂದು. ಪದ್ಮಯ್ಯನ ಅಪ್ಪ ಒಳ್ಳೆಯವರು, ಒಪ್ಪಿದರು.

ಪೂವಮ್ಮ ಇಪ್ಪತ್ತರ ಹರೆಯದಲ್ಲಿ ಆ ಮನೆಗೆ ಸೊಸೆಯಾಗಿ ಬಂದಾಗ ಅತ್ತೆಗಿಂತ ಮೊದಲು ಮಾತಾಡಿಸಿದ್ದು ಅಮ್ಮಕ್ಕ. ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಯಾವ ಮೂಲೆಯಲ್ಲಿ ಹಾವು ಬರುತ್ತದೆ, ಬಾವಿಯ ನೀರು ಯಾವ ತಿಂಗಳಲ್ಲಿ ಕೆಂಪಾಗುತ್ತದೆ, ಎಲ್ಲ ಹೇಳಿಕೊಟ್ಟದ್ದು ಅವರೇ. ವೀಳ್ಯಕ್ಕೆ ಸುಣ್ಣ ಹಚ್ಚಿ, ಉಳಿದ ಸುಣ್ಣದ ಬೆರಳನ್ನು ತಮ್ಮ ಕೋಣೆಯ ದಾರಂದಕ್ಕೆ, ಬಾಗಿಲ ಚೌಕಟ್ಟಿಗೆ, ಒರೆಸುವುದು ಅವರ ಅಭ್ಯಾಸ. ಪೂವಮ್ಮನಿಗೆ ಅದು ಕಂಡರೆ ಆಗುತ್ತಿರಲಿಲ್ಲ. ಎರಡು ಸಲ ತೊಳೆದಳು, ಮೂರನೆಯ ಸಲ ಬಿಟ್ಟಳು.

ಆದರೆ ಹೇಳಬೇಕಾದ್ದನ್ನು ಹೇಳಿಬಿಡಬೇಕು. ಪೂವಮ್ಮನಿಗೆ ಆ ಕೋಣೆಯ ಮೇಲೆ ಆಸೆ ಇತ್ತು. ನಾಲ್ಕು ವರ್ಷ ಕಾದು ಬಸುರಿಯಾದಾಗ ಮನೆಯಲ್ಲಿ ಬೆಚ್ಚಗಿನ, ಸೋರದ ಕೋಣೆ ಅಂತ ಇದ್ದದ್ದು ಅದೊಂದೇ. ಬಾಣಂತನಕ್ಕೆ ಅದು ಸಿಕ್ಕಿದ್ದರೆ ಎಂದು ದಿನಕ್ಕೆ ಹತ್ತು ಸಲ ಯೋಚಿಸಿದ್ದಾಳೆ, ಬಾಯಿಬಿಟ್ಟು ಒಂದು ಸಲವೂ ಹೇಳಿಲ್ಲ.

ಅದೇ ವರ್ಷ ಬೇಸಗೆ ಕೊನೆಗೆ ಅಮ್ಮಕ್ಕನಿಗೆ ಜ್ವರ ಏರಿತು. ತಂಗಿಯ ಮಗ ದೇವದಾಸ ಜೀಪು ತಂದು ಪುತ್ತೂರಿಗೆ ಕರೆದುಕೊಂಡು ಹೋದ. ಹದಿನೈದು ದಿನ ಕಳೆದು ಸೋಮವಾರದ ಸಂತೆಯಲ್ಲಿ ಪದ್ಮಯ್ಯನಿಗೆ ಯಾರೋ ಹೇಳಿದರು, ಡಾಕ್ಟರು ಕೈಬಿಟ್ಟಿದ್ದಾರೆ, ಇನ್ನು ಎರಡು ದಿನವೂ ಕಷ್ಟ ಎಂದು. ಆಮೇಲೆ ಮಳೆ ಹಿಡಿಯಿತು. ಸುದ್ದಿ ಇಲ್ಲ, ಫೋನು ಇಲ್ಲ. ಆಟಿ ಬಂತು.

"ಯಾರೂ ಬಂದು ಹೇಳಿದ್ದಿಲ್ಲವಲ್ಲ," ಎಂದು ಅತ್ತೆ ಅನುಮಾನಿಸಿದರು. "ಒಮ್ಮೆ ಹೋಗಿ ವಿಚಾರಿಸಿ ಬರ್ಲಿ ಇವ."

"ಎರಡು ತಿಂಗಳಾಯ್ತು ಅತ್ತೆ. ಇದ್ದಿದ್ರೆ ಬರ್ತಿದ್ರು. ಅವರಿಗೆ ಎಲೆ ಹಾಕುವವರು ಬೇರೆ ಯಾರಿದ್ದಾರೆ? ನಾವೇ ಹಾಕುವ," ಎಂದದ್ದು ಪೂವಮ್ಮ. ಕರುಣೆಯ ಮಾತು ಎಂದು ಎಲ್ಲರೂ ತಿಳಿದರು. ಪುತ್ತೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಒಂದು ಹೆಜ್ಜೆ ಹೋಗಿ ನೋಡಿ ಬನ್ನಿ ಎಂದು ಗಂಡನಿಗೆ ಅವಳು ಹೇಳಲಿಲ್ಲ. ಎಲೆ ಹಾಕಿದರೆ ಕೋಣೆಯ ಋಣ ತೀರಿತು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮಕ್ಕನ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದ್ದೂ ಆಗಿತ್ತು.

ಆ ಸಂಜೆ ಎರಡು ಎಲೆ ಹಾಕಿದರು. ಒಂದು ಅಷ್ಟರಲ್ಲಿ ತೀರಿಕೊಂಡಿದ್ದ ಮಾವನದು. ಇನ್ನೊಂದರ ಬದಿಗೆ ಅಮ್ಮಕ್ಕನ ಸಣ್ಣ ಹಿತ್ತಾಳೆ ಚೆಂಬು, ವೀಳ್ಯ, ಹೊಗೆಸೊಪ್ಪು. ಹೆಸರು ಹೇಳಿ ಕರೆದು, ಬಾಗಿಲು ಮುಚ್ಚಿ, ಅಂಗಳದ ಚಪ್ಪರದಡಿ ಬಂದು ನಿಂತರು.

ಆಗ ಗದ್ದೆಬದುವಿನಲ್ಲಿ ಕೊಡೆ ಹಿಡಿದು ಅಮ್ಮಕ್ಕ ಬಂದರು.

ಸೊರಗಿ ಅರ್ಧ ಆಗಿದ್ದರು. ಮೆಲ್ಲಗೆ ಮೆಟ್ಟಿಲು ಹತ್ತಿ, ಇವರೆಲ್ಲ ಸಾಲಾಗಿ ನಿಂತದ್ದನ್ನು, ಮುಚ್ಚಿದ ಬಾಗಿಲನ್ನು ನೋಡಿದರು. ಇವತ್ತು ಬಡಿಸುವ ದಿನ ಎಂದು ಅರ್ಥವಾಯಿತು. ಕೊಡೆ ಮಡಚಿ, ಒಂದು ಮಾತೂ ಆಡದೆ ಪೂವಮ್ಮನ ಪಕ್ಕದಲ್ಲಿ ಬಂದು ಕೈಮುಗಿದು ನಿಂತರು. ಅತ್ತೆ ಕಂಬ ಹಿಡಿದುಕೊಂಡರು. ಮಾತಾಡುವ ಹಾಗಿಲ್ಲ, ಬಾಗಿಲು ತೆರೆಯುವ ಹಾಗೂ ಇಲ್ಲ. ಅಮ್ಮಕ್ಕ ಒಂದು ಕೈ ನೀಡಿ ಪೂವಮ್ಮನ ಹೊಟ್ಟೆ ಸವರಿ, ಎಷ್ಟು ತಿಂಗಳು ಎಂದು ಬೆರಳಿನಲ್ಲೇ ಕೇಳಿದರು. ಪೂವಮ್ಮ ಆರು ಬೆರಳು ತೋರಿಸಿದಳು. ಆ ಹತ್ತು ನಿಮಿಷವನ್ನು ಅವಳು ಇಂದಿಗೂ ದಾಟಿ ಬಂದಿಲ್ಲ.

ಬಾಗಿಲು ತೆರೆಯಿತು. ಅಮ್ಮಕ್ಕ ಮೊದಲು ಎರಡು ಎಲೆ ನೋಡಿದರು, ಆಮೇಲೆ ತಮ್ಮ ಚೆಂಬು ನೋಡಿದರು. ಅವರು ಚೆಂಬಿನ ನೀರಿನಲ್ಲಿ ಕೈ ತೊಳೆದು, ಆ ಎಲೆಯ ಮುಂದೆ ಚಕ್ಕಳಮಕ್ಕಳ ಕೂತು, ಒಂದಗುಳು ಬಿಡದೆ ಉಂಡರು. ಎದ್ದು ವೀಳ್ಯ ಬಾಯಿಗೆ ಹಾಕಿಕೊಂಡು ಹೇಳಿದ್ದು ಇಷ್ಟು:

"ಸಾರು ಒಳ್ಳೆದಾಗಿತ್ತು ಪೂವು. ನನ್ನದು ಉಂಡು ಆಯ್ತು. ಇನ್ನು ಹಾಕುದು ಬೇಡ."

ಮರುದಿನ ಬೆಳಿಗ್ಗೆ ಪೆಟ್ಟಿಗೆ ಇಳಿಸಿಕೊಡಲು ಪದ್ಮಯ್ಯನಿಗೆ ಹೇಳಿದರು. ಅತ್ತೆ ಕಾಲು ಹಿಡಿದರೂ ನಿಲ್ಲಲಿಲ್ಲ. ಹೊತ್ತುಕೊಂಡು ಹೋಗಬೇಕು ಎಂದಿದ್ದವರು ನಡೆದುಕೊಂಡೇ ಹೋದರು. ಭವಿತ್ ಆ ಕೋಣೆಯಲ್ಲೇ ಹುಟ್ಟಿದ.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮೊನ್ನೆ ಪೂವಮ್ಮ ಪುತ್ತೂರಿಗೆ ಹೋಗಿ ದೇವದಾಸನ ಮನೆಯ ಗೇಟು ತೆಗೆದಳು. ದೇವದಾಸ ರೈಗಳಿಗೆ ಈಗ ಎಪ್ಪತ್ತೆಂಟು. ಅಮ್ಮಕ್ಕ ಪಂಜಿಮೂಲೆಯಿಂದ ಹೋಗಿ ಒಂದು ವರ್ಷದೊಳಗೆ ನರಿಮೊಗರಿನಲ್ಲಿ ತಂಗಿಯ ಮಗಳ ಮನೆಯಲ್ಲಿ ತೀರಿಕೊಂಡದ್ದು ಪೂವಮ್ಮನಿಗೆ ಗೊತ್ತಿತ್ತು. ಹದಿಮೂರನೆಯ ದಿನದ ಬೊಜ್ಜಕ್ಕೆ ಹೋಗಲು ಅವಳಿಗೆ ಮುಖ ಇರಲಿಲ್ಲ.

"ದೇವಣ್ಣ, ಅಮ್ಮಕ್ಕನಿಗೆ ನೀವು ಎಲೆ ಹಾಕ್ತೀರಲ್ಲ?" ಎಂದು ಕೂರುವ ಮೊದಲೇ ಕೇಳಿದಳು.

"ಇಲ್ಲ ಪೂವಕ್ಕ." ರೈಗಳು ಕನ್ನಡಕ ತೆಗೆದರು. "ಅವರು ಹೇಳಿಯೇ ಹೋದದ್ದು. ನನಗೆ ಒಮ್ಮೆ ಹಾಕಿ ಆಗಿದೆ, ಇನ್ನು ಯಾರೂ ಹಾಕ್ಬೇಡಿ ಅಂತ. ನನ್ನ ಅಮ್ಮ ಎಷ್ಟು ಕೇಳಿದ್ರು. ಬೇಡ ಅಂದ್ರೆ ಬೇಡ. ಅದು ಎಂತದು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ."

"ನನ್ನ ಬಗ್ಗೆ ಎಂತಾದ್ರೂ ಹೇಳಿದ್ರಾ?"

"ನಿಮ್ಮ ಬಗ್ಗೆಯಾ? ಪೂವು ಒಳ್ಳೆ ಹುಡುಗಿ ಅಂತಿದ್ರು. ಹೆರಿಗೆ ಆಯ್ತಾ, ಎಂತ ಮಗು ಅಂತ ಸಾಯುವ ವಾರದ ತನಕ ಕೇಳ್ತಿದ್ರು."

ಕೊಟ್ಟ ಚಾ ಕುಡಿಯಲು ಪೂವಮ್ಮನಿಂದಾಗಲಿಲ್ಲ. ಬೈದಿದ್ದರೆ ಆಗುತ್ತಿತ್ತು, ಶಾಪ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು. ಉಣ್ಣಬೇಕಾದ ಮುದುಕಿ ನಲವತ್ತು ವರ್ಷದಿಂದ ಹಸಿದೇ ಕೂತಿದ್ದಾರೆ, ಅದೂ ಪೂವಮ್ಮನ ತಪ್ಪನ್ನು ಯಾರ ಮುಂದೂ ಆಡದೆ.

"ಹಾಗಾದ್ರೆ ನಾನು ಕರೀಲಾ, ದೇವಣ್ಣ?"

"ನೀವು ಎಂತ ಮಾರಾಯ್ರೆ. ಅವರ ಮಾತು ಮೀರಿ ನಾವೇ ಹಾಕ್ಲಿಲ್ಲ, ನೀವು ಹಾಕುದಾ?"

ಹಿಂದಿರುಗಿ ಬಂದಾಗ ಮನೆಯಲ್ಲಿ ಅಸ್ಕರನ ಆಳುಗಳು ಸೀಮೆಸುಣ್ಣದಲ್ಲಿ ಕಂಬಗಳಿಗೆ ನಂಬರು ಬರೆಯುತ್ತಿದ್ದರು. ಅಸ್ಕರನ ಹೆಂಡತಿ ಸುಹರಾ ಮೂಡುಕೋಣೆಯ ದಾರಂದದ ಹತ್ತಿರ ನಿಂತಿದ್ದಳು. ಈ ದಾರಂದವನ್ನು ಮಾರದೆ ತನ್ನ ಮನೆಗೆ ಇಟ್ಟುಕೊಳ್ಳುತ್ತಾಳಂತೆ.

"ಈ ಬಿಳಿ ಗುರುತು ಎಂತ ಪೂವಕ್ಕ? ಉಜ್ಜಿದ್ರೂ ಹೋಗುದಿಲ್ಲ."

"ಸುಣ್ಣ. ಅಮ್ಮಕ್ಕ ಅಂತ ಇದ್ರು. ಕೋಣೆ ಅವರದ್ದು."

"ಹೌದಾ. ಈಗ ಎಲ್ಲಿದ್ದಾರೆ ಅವರು?"

ಸುಹರಾ ಸುಮ್ಮನೆ ಕೇಳಿದ್ದು. ಪೂವಮ್ಮ ಅಡುಗೆಮನೆಗೆ ಹೋಗಿ ಖಾಲಿ ಒಲೆಯ ಮುಂದೆ ಕೂತಳು.

ಆಟಿಯ ಕಡೆಯ ಆದಿತ್ಯವಾರ ಬಡಿಸುವ ದಿನ ಇಟ್ಟರು. ಭವಿತ್ ತೋಟದಿಂದ ಐದು ಎಲೆ ಕಡಿದು ತಂದಿದ್ದ, ಹರಿದುಹೋದರೆ ಇರಲಿ ಎಂದು. ಆ ಐದನ್ನು ಕಂಡದ್ದೇ ಪೂವಮ್ಮನ ಕಟ್ಟೆ ಒಡೆಯಿತು. ಎಲೆ ಒರೆಸುತ್ತ ಒರೆಸುತ್ತ ಮಗನಿಗೆ ಎಲ್ಲ ಹೇಳಿದಳು. ಜ್ವರ, ಸಂತೆಯ ಸುದ್ದಿ, ಅಟ್ಟದ ಪೆಟ್ಟಿಗೆ, ಬೆರಳಿನಲ್ಲಿ ಎಣಿಸಿದ ತಿಂಗಳು. ಗಂಡನಿಗೂ ಹೇಳದೆ ಉಳಿಸಿದ್ದ ಕೋಣೆಯ ಆಸೆಯನ್ನೂ ಹೇಳಿದಳು.

ಭವಿತ್ ಕೈಯ ಕತ್ತಿಯನ್ನು ಕೆಳಗಿಟ್ಟ.

"ಅವ್ವ, ಬೇಕಂತ ಮಾಡಿದ್ದಲ್ಲವಲ್ಲ ನೀನು."

"ಬೇಕಂತಲೇ. ನನಗೆ ಕೋಣೆ ಬೇಕಿತ್ತು."

"ಆದ್ರೆ ಬೇರೆ ಮನೆಯವರನ್ನು ನಮ್ಮ ಹೊಸ ಮನೆಗೆ ಕರೆಯುದು ಹೇಗೆ? ಜೋಯಿಸರು ಎಂತ ಹೇಳಿದ್ದು? ನಮ್ಮವರನ್ನು ಮಾತ್ರ ಅಂತ. ಮತ್ತೆ ಅವರೇ ಬೇಡ ಅಂದಿದ್ದಾರಲ್ಲ."

ಪೂವಮ್ಮ ವಾದಕ್ಕೆ ನಿಲ್ಲಲಿಲ್ಲ. ನಾಲ್ಕು ಎಲೆ ಹಾಸಿದಳು, ಐದನೆಯದನ್ನು ಮಡಚಿ ಬದಿಗಿಟ್ಟಳು. ನಾಲ್ಕು ಹೆಸರು ಹೇಳಿ ಕರೆದಳು, ಕುಂಬ್ರದ ದಾರಿ ಹೇಳಿದಳು. ಬಾಗಿಲು ಮುಚ್ಚಿ ಅಂಗಳಕ್ಕೆ ಬಂದಾಗ, ಮಗನ ಹತ್ತಿರ ನಿಲ್ಲದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು. ಭವಿತ್ ಅದನ್ನು ನೋಡಿದ, ಆ ಜಾಗಕ್ಕೆ ಸರಿದು ಬರಲಿಲ್ಲ.

ಬಾಗಿಲು ತೆರೆದು ಊಟಕ್ಕೆ ಕೂತರು. ಪೂವಮ್ಮ ಗಂಡನ ಎಲೆಯ ಮುಂದೆ ಕೂತು ಎರಡು ತುತ್ತು ತಿಂದು ಕೈ ನಿಲ್ಲಿಸಿದಳು.

"ಮಗ, ಒಂದು ಮಾತು. ನಾಳೆ ನಾನು ಸತ್ತ ಮೇಲೆ ನನಗೆ ಇಡುವಾಗ ಎಲೆ ಸ್ವಲ್ಪ ದೊಡ್ಡದು ಇಡು. ವೀಳ್ಯ ಇಡು, ಹೊಗೆಸೊಪ್ಪು ಇಡು."

"ನೀನು ವೀಳ್ಯ ಹಾಕುದಿಲ್ಲವಲ್ಲ ಅವ್ವ."

"ನನಗಲ್ಲ. ನೀನು ಅವರ ಹೆಸರು ಹೇಳುದು ಬೇಡ, ಕರೆಯುದೂ ಬೇಡ. ನಾನೇ ಕೈ ಹಿಡಿದು ಕರ್ಕೊಂಡು ಬರ್ತೇನೆ."

ಭವಿತ್ ಎಲೆಯ ಮೇಲಿನ ಅನ್ನವನ್ನು ಬೆರಳಿನಲ್ಲಿ ಸರಿಸುತ್ತ ಕೂತ. ಆಮೇಲೆ ತಲೆ ಎತ್ತದೆ ಕೇಳಿದ.

"ಎಷ್ಟು ದೊಡ್ಡದು ಅವ್ವ?"

"ಇಬ್ಬರಿಗೆ ಆಗುವಷ್ಟು," ಎಂದಳು ಪೂವಮ್ಮ.