ಹೆಲ್ಮೆಟ್ಟಿನೊಳಗಿನ ಕಡಲೆ

ನವನಗರದ ಖಾಲಿ ಲೇಔಟಿನಲ್ಲಿ ಮದುವೆ ಮೆರವಣಿಗೆಯ ಕುದುರೆಯೊಂದು ಹಗ್ಗ ಬಿಡಿಸಿಕೊಂಡು ಮೇಯುತ್ತಿತ್ತು. ಅದನ್ನು ಸಾಕಿದ ಮುದುಕ ಹತ್ತಿರ ಹೋದಷ್ಟೂ ಅದು ಹೆದ್ದಾರಿಯ ಕಡೆಗೆ ಸರಿಯುತ್ತಿತ್ತು.

"ಸರ್ರ, ಒಂಚೂರು ಆ ಕಡೆ ನಿಂದರ್ರಿ. ರೋಡಿಗೆ ಹೋತಂದ್ರ ಲಾರಿಗೆ ಸಿಗತೈತಿ," ಎಂದು ಆ ಮುದುಕರು ನನ್ನನ್ನು ಕರೆದರು. ಸ್ಕೂಟರ್ ನಿಲ್ಲಿಸಿ ಹೋದೆ.

"ದಿನಾ ಹೆಂಗ ಹಿಡೀತೀರಿ, ಕಾಕಾ?"

"ಹಿಡಿಯೂದಿಲ್ರಿ. ಕಡ್ಲಿ ಬುಟ್ಟಿ ಅಲ್ಲಾಡಿಸಿದ್ರ ತಾನ ಬರತೈತಿ. ಇವತ್ತ ಬುಟ್ಟಿ ಮನ್ಯಾಗ ಉಳೀತು."

ಉಪಾಯ ಹೊಳೆದದ್ದು ನನಗೇ. ಹೆಲ್ಮೆಟ್ಟಿನಲ್ಲಿ ಸಣ್ಣ ಹರಳುಕಲ್ಲು ತುಂಬಿ ಅಲ್ಲಾಡಿಸಿದೆ. ಕುದುರೆ ತಲೆಯೆತ್ತಿತು. ಹಳೆಯ ಪರಿಚಯದವರ ಮನೆಗೆ ಊಟಕ್ಕೆ ಬರುವಂತೆ ನೆಟ್ಟಗೆ ನಡೆದುಬಂತು. ಕಾಕಾ ಅದರ ಕೊರಳಿಗೆ ಹಗ್ಗ ಹಾಕಿದರು. ಅದಕ್ಕೆ ಹಗ್ಗದ ಕಡೆ ಗಮನವೇ ಇರಲಿಲ್ಲ. ಹೆಲ್ಮೆಟ್ಟಿನೊಳಗೆ ಮೂತಿಯಿಟ್ಟು ಹುಡುಕಿತು. ಒಂದು ಹರಳನ್ನು ಬಾಯಿಗೆ ತೆಗೆದುಕೊಂಡು, ಉದುರಿಸಿ, ಹುಡುಕಿದ್ದರಲ್ಲಿ ತನ್ನದೇ ತಪ್ಪೇನೋ ಎಂಬಂತೆ ಮತ್ತೆ ಹುಡುಕಿತು. ಪ್ರಾಣಿಗಳಿಗೆ ಮನುಷ್ಯರ ಭಾವನೆ ಅಂಟಿಸುವವರನ್ನು ಕಂಡರೆ ನನಗಾಗದು. ಆದರೂ ಅದರ ಕಣ್ಣು ನೋಡಲಾಗದೆ ದೂರದ ನೀರಿನ ಟಾಕಿ ನೋಡುತ್ತ ನಿಂತೆ.

"ಕಲ್ತವರ ಬುದ್ಧಿನ ಬ್ಯಾರೆ ನೋಡ್ರಿ," ಕಾಕಾ ಖುಷಿಯಿಂದ ನನ್ನ ಬೆನ್ನು ತಟ್ಟಿದರು.

"ನಾಳೆ ಖರೇ ಕಡ್ಲಿ ತಂದ್ರ ನಂಬತೈತೇನ್ರಿ?"

"ನಂಬತೈತಿ ಬಿಡ್ರಿ. ಅದೇನ ಸಾಲಿ ಕಲ್ತೈತೇನು?"

ನನ್ನನ್ನೋ ಕುದುರೆಯನ್ನೋ, ಯಾರನ್ನು ಹೊಗಳಿದಿರಿ ಎಂದು ಕೇಳುವ ಧೈರ್ಯವಾಗಲಿಲ್ಲ.