ಬಾಬಣ್ಣನ ಕತ್ತಿಚೀಲದ ಟಿಚ್ ಬಟನ್

ನೋಡಿ ಮಾರಾಯ್ರೆ, ಪುತ್ತೂರಿನ ನನ್ನ ಚರ್ಮದಂಗಡಿಗೆ ಬೆಳಿಗ್ಗೆ ತೆಂಗಿನಮರ ಹತ್ತುವ ಬಾಬಣ್ಣ ಬಂದರು. ಅವರ ಕತ್ತಿಚೀಲಕ್ಕೆ ನಾನು ಹಾಕಿದ ಟಿಚ್ ಬಟನ್ ಮರದ ಮೇಲೆ ತಾನಾಗಿ ಬಿಚ್ಚಿ, ಕತ್ತಿ ಜಾರಿ, ಕೆಳಗೆ ಕಾಯಿ ಹೆಕ್ಕುತ್ತಿದ್ದ ಅವರ ಹೆಂಡತಿಯ ಪಕ್ಕದಲ್ಲೇ ಬಿದ್ದಿತ್ತಂತೆ. ತಪ್ಪು ನನ್ನದೇ. ದಪ್ಪ ಚರ್ಮಕ್ಕೆ ಗಿಡ್ಡ ಕಾಲಿನ ಬಟನ್ ಹೊಡೆದಿದ್ದೆ; ಆ ಕಾಲು ಚರ್ಮ ದಾಟಿ ಸರಿಯಾಗಿ ಕಚ್ಚಿರಲಿಲ್ಲ. ಈ ಸಲ ಉದ್ದ ಕಾಲಿನ, ಬಿಗಿಯಾದದ್ದನ್ನೇ ಹಾಕಿಕೊಟ್ಟೆ.

“ಪರೀಕ್ಷೆ ಆಗ್ಬೇಕಲ್ಲ? ನೀವು ಬುಡದಲ್ಲಿ ನಿಲ್ಲಿ,” ಎಂದವರೇ ಅಂಗಡಿ ಹಿಂದಿನ ಮರ ಹತ್ತಿಬಿಟ್ಟರು.

ನಾನು ಗೊತ್ತಿದ್ದ ದೈವಗಳನ್ನೆಲ್ಲ ನೆನೆಯುತ್ತ ನಿಂತೆ. ಕತ್ತಿ ಬೀಳಲಿಲ್ಲ.

ಮೇಲಿನಿಂದ ಕೂಗಿದರು: “ಗಟ್ಟಿ ಉಂಟು ಮಾರಾಯ್ರೆ! ಆದ್ರೆ ಬಿಚ್ಚಲಿಕ್ಕೆ ಎರಡು ಕೈ ಬೇಕಾಗ್ತದೆ. ಮರ ಯಾರು ಹಿಡ್ಕೊಳ್ಳುದು?”

ನಾಳೆ ಇದಕ್ಕಿಂತ ಸಡಿಲವಾದ ಬಟನ್ ಹಾಕಬೇಕು. ಬುಡದಲ್ಲಿ ನಿಲ್ಲುವವನು ಮತ್ತೆ ನಾನೇ.