ಅಪ್ಪನ ಕಿವಿ ಯಾರ ಪಾಲು

ನಿನ್ನೆ ಮುಂಜಾನೆ ಆರೋಗ್ಯ ಕೇಂದ್ರದ ಹುಡುಗಿ ನಮ್ಮ ಕಟ್ಟೆಯ ಮೇಲೆ ಕುಳಿತು ಚೀಲದಿಂದ ಒಂದು ಹೆಡ್‌ಫೋನು ತೆಗೆದಳು. ಬಿಸಿಲಿಗೆ ಕಾದ ಅದರ ಕರಿ ಮೆತ್ತೆಯಿಂದ ರಬ್ಬರಿನ ವಾಸನೆ ಬಂತು. ಅರವತ್ತು ದಾಟಿದವರ ಕಿವಿಯನ್ನು ಈಗ ಮನೆಬಾಗಿಲಲ್ಲೇ ನೋಡುತ್ತಾರಂತೆ. ಸುಮ್ಮನೆ ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ, ಚೌಕಾಸಿಗೆ ಇಳಿದೆ.

“ಮನಿ ಮನಿ ಯಾಕ ತಿರಗತೀಯವ್ವಾ? ಸಂತಿ ದಿನ ಬಂದು ಬಸ್ ಸ್ಟ್ಯಾಂಡಿನಾಗ ಕುಂಡ್ರು. ಹಳ್ಳಿ ಮುದುಕ್ರೆಲ್ಲಾ ಒಂದ ಕಡೆ ಸಿಗತಾರ.”

“ಆತ್ರಿ ಅಜ್ಜಾ, ಮ್ಯಾಲಿನವರಿಗೆ ಹೇಳತೀನಿ. ಮೊದಲ ನೀವು ಕುಂಡ್ರಿ.”

“ನಂದೇನ ಅವಸರ? ಉಳಿದವರದು ನೋಡು,” ಎಂದು ಜಾರಿಕೊಂಡೆ. ಅವಳು ಎದುರು ಮನೆಗೆ ಹೋದಳು. ರಬ್ಬರಿನ ವಾಸನೆ ಮಾತ್ರ ಮೂಗಿನಲ್ಲೇ ಉಳಿಯಿತು. ಅದೇ ವಾಸನೆಯ ಇನ್ನೊಂದು ಹೆಡ್‌ಫೋನನ್ನು ನಾನು ಎಪ್ಪತ್ತರ ದಶಕದಲ್ಲಿ ನೋಡಿದ್ದೆ, ಅಪ್ಪನ ತಲೆಯ ಮೇಲೆ. ಆ ನೆನಪಿನ ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಎದ್ದು ಕುಳಿತಿತು. ಇಷ್ಟು ವರ್ಷವಾದರೂ ಅದಕ್ಕೆ ವಯಸ್ಸಾಗಿಲ್ಲ ನೋಡಿ.

ನಮ್ಮಪ್ಪ ದನದ ದಲಾಲಿ. ಮನೆ ತಿಕೋಟಾದಲ್ಲಿ, ವ್ಯಾಪಾರವೆಲ್ಲ ಬಬಲೇಶ್ವರದ ಸಂತೆಯಲ್ಲಿ. ನೀವು ದನದ ವ್ಯಾಪಾರ ನೋಡಿದ್ದೀರೋ ಇಲ್ಲವೋ, ಅಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲಾಲಿ ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಕೈಮೇಲೆ ಹಾಸುತ್ತಾನೆ. ಕೊಳ್ಳುವವನು ಅದರಡಿಗೆ ಕೈ ತೂರಿಸಿ ಬೆರಳು ಹಿಡಿದು ತನ್ನ ಬೆಲೆ ಹೇಳುತ್ತಾನೆ. ಸುತ್ತ ನಿಂತ ಮಂದಿಗೆ ಇಬ್ಬರ ಮುಖ ಕಂಡೀತೇ ಹೊರತು ವ್ಯಾಪಾರ ತಿಳಿಯುವುದಿಲ್ಲ. ಅಪ್ಪ ಇದರಲ್ಲಿ ಎಷ್ಟು ನುರಿತವನೆಂದರೆ, ಎದುರಿನವನ ಮೊಣಕೈ ಅಲುಗಿದ್ದು ನೋಡಿಯೇ ಅವನು ಏರುತ್ತಾನೋ ಇಳಿಯುತ್ತಾನೋ ಹೇಳಿಬಿಡುತ್ತಿದ್ದ.

ನನಗೆ ಆ ಕಸುಬು ಒಗ್ಗಲಿಲ್ಲ. ಹಗ್ಗ, ಮೂಗುದಾರ, ಪಂಪಿನ ಪೈಪು ಇಟ್ಟುಕೊಂಡು ಮನೆಯ ಮುಂದೆಯೇ ಅಂಗಡಿ ತೆರೆದೆ. ಅಪ್ಪನ ಕೈಯಿಂದ ಏನೂ ತೆಗೆದುಕೊಳ್ಳದೆ ಮೇಲೆ ಬಂದೆ ಎಂಬ ಸೊಕ್ಕು ನನಗಿತ್ತು. ನಾನು ಬಿಟ್ಟ ಜಾಗಕ್ಕೆ ದಸ್ತಗೀರ ಬಂದ. ನಮ್ಮ ಓಣಿಯವನೇ, ನನ್ನದೇ ವಯಸ್ಸು. ಅಪ್ಪನನ್ನು ಕಾಕಾ ಎನ್ನುತ್ತಿದ್ದ, ನನ್ನನ್ನು ಮಾತ್ರ ಬೇಕೆಂದೇ ಸಾವಕಾರ್ರ ಎಂದು ಚುಚ್ಚುತ್ತಿದ್ದ.

ಹೊಟ್ಟೆಕಿಚ್ಚು ಶುರುವಾದದ್ದು ಹೀಗೆ. ನಾನು ಅಂಗಡಿಯ ಗಲ್ಲೆಯ ಮೇಲಿಂದ “ಅಪ್ಪಾ, ಊಟಕ್ಕ ಏಳ” ಎಂದು ಕೂಗಿದರೆ ಕಂಬಕ್ಕೊರಗಿ ಹಗ್ಗ ಹೊಸೆಯುತ್ತಿದ್ದ ಅಪ್ಪ ಕತ್ತು ಸಹ ತಿರುಗಿಸುತ್ತಿರಲಿಲ್ಲ. ಅದೇ ದಸ್ತಗೀರ ಬಂದು, ಹೆಗಲು ಮುಟ್ಟಿ, ಎದುರು ಕೂತು ಏನೋ ಪಿಸುಗುಟ್ಟಿದನೆಂದರೆ ಅಪ್ಪ ಗಹಗಹಿಸಿ ನಗುತ್ತಿದ್ದ. ಗಿರಾಕಿಗಳ ಮುಂದೆ ನನ್ನ ಮುಖ ಇಷ್ಟಾಗುತ್ತಿತ್ತು. ಕಸುಬು ಬಿಟ್ಟ ಮಗನ ಮೇಲಿನ ಸಿಟ್ಟು ಇದು ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

“ತೀರ್ಮಾನ ಆಮ್ಯಾಲ ಮಾಡ್ರಿ. ಮೊದಲ ಮಾವನ ಕಿವಿ ತೋರಿಸ್ರಿ,” ಎಂದಳು ನನ್ನ ಹೆಂಡತಿ.

ಆಗ ಬಿಜಾಪುರ ಎನ್ನುತ್ತಿದ್ದ ವಿಜಯಪುರದಲ್ಲಿ ಒಂದು ದವಾಖಾನೆಗೆ ಕಿವಿ ನೋಡುವ ಮಷೀನು ಬಂದಿತ್ತು. ಅದನ್ನು ನಡೆಸುವವನು ವಾರಕ್ಕೆ ಒಂದೇ ದಿನ ಬರುತ್ತಿದ್ದ. ಜೈನಾಪುರ, ಕಾಖಂಡಕಿಯಿಂದೆಲ್ಲ ಮುದುಕರು ಮೊದಲ ಬಸ್ಸಿಗೇ ಬಂದು ವರಾಂಡದಲ್ಲಿ ಕೂತಿದ್ದರು. ಕಂಪೌಂಡರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದ. ಕಿವಿ ಕೇಳದವರನ್ನು ಕೂಗಿ ಕರೆಯುವ ಆ ಜಾಣತನ ನೋಡಿ! ಕಾಖಂಡಕಿಯ ಒಬ್ಬ ಅಜ್ಜಿಯ ಹೆಸರನ್ನು ಎರಡು ಸಲ ಕೂಗಿದ. ಅವಳು ಅವನ ಎದುರಿಗೇ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ಆ ಸರದಿಗೆ ನಾನು ಅಪ್ಪನನ್ನು ಒಳಗೆ ನುಗ್ಗಿಸಿದೆ. ಅಂದು ಅದನ್ನು ಚಾಲಾಕಿತನ ಎಂದುಕೊಂಡಿದ್ದೆ. ಈಗ ಕಿವಿಯ ತಪಾಸಣೆ ನಡೆಸುವವರಿಗೆಲ್ಲ ಒಂದು ಮಾತು ಹೇಳುತ್ತೇನೆ: ಹೆಸರು ಕೂಗಬೇಡಿ, ಹತ್ತಿರ ಹೋಗಿ ಭುಜ ಮುಟ್ಟಿ.

ಒಳಗೆ ಮೇಜಿನ ಮೇಲೆ ರೇಡಿಯೋದಂಥ ಪೆಟ್ಟಿಗೆ. ಅದರ ಹಿಂದೆ ಅರ್ಧ ತೋಳಿನ ಅಂಗಿಯವನು. ಅಪ್ಪನನ್ನು ಎದುರಿಗೆ ಕೂರಿಸಿ, ರುಮಾಲು ತೆಗೆಸಿ, ಹೆಡ್‌ಫೋನು ಹಾಕಿದ. ಸಪ್ಪಳ ಕೇಳಿದಾಗ ಬೆರಳು ಎತ್ತಬೇಕು ಎಂದು ಸನ್ನೆ ಮಾಡಿ ತೋರಿಸಿದ. ಅಪ್ಪನ ಕಣ್ಣು ಸಂತೆಯಲ್ಲಿ ಹೊಳೆಯುವ ಹಾಗೆ ಹೊಳೆಯಿತು. ಅವನು ಗುಂಡಿ ತಿರುಗಿಸಿದಾಗಲೆಲ್ಲ ಅಪ್ಪನ ಬೆರಳು ಟಕ್ಕನೆ ಮೇಲೆ. ಒಂದೂ ತಪ್ಪಲಿಲ್ಲ.

“ಈ ವಯಸ್ಸಿಗೆ ಭಾಳ ಛಲೋ ಕಿವಿರಿ,” ಎಂದ ಅವನು.

ಹಾಗಾದರೆ ಎಲ್ಲ ಕೇಳುತ್ತದೆ. ಬೇಡವಾಗಿರುವುದು ನನ್ನ ಮಾತು ಮಾತ್ರ. ಬಸ್ಸಿನಲ್ಲಿ ಮುಖ ತಿರುಗಿಸಿ ಕೂತವನು ನಾಲ್ಕು ತಿಂಗಳು ಅಪ್ಪನ ಎದುರು ನಿಂತು ಮಾತಾಡಲಿಲ್ಲ. ಹಿಂದೆ ನಿಂತು ಮಾತ್ರ ಆಡಿದೆ, ಆಡಬಾರದ್ದನ್ನೆಲ್ಲ ಆಡಿದೆ. “ಆ ದಸ್ತಗೀರನ್ನ ಮಗ ಅಂತ ಕರಕೊ, ನಾ ಸತ್ತೇನಿ ಅಂತ ತಿಳಕೊ,” ಎಂದೆ ಒಂದು ಸಂಜೆ. ಅಪ್ಪನ ಕೈ ಹಗ್ಗ ಹೊಸೆಯುತ್ತಲೇ ಇತ್ತು. ಎಂಥ ಕಲ್ಲೆದೆಯ ಮನುಷ್ಯ ಎಂದುಕೊಂಡೆ.

ಒಂದು ಮಧ್ಯಾಹ್ನ ದಸ್ತಗೀರ ನೇರ ಅಂಗಡಿಗೇ ಬಂದ.

“ಸಾವಕಾರ್ರ, ಕಾಕಾನ ಕೂಡ ಮಾತು ಯಾಕ ಬಿಟ್ಟೀರಿ?”

“ಮಾತಾಡಾಕ ನೀ ಇದ್ದೀಯಲ್ಲ, ದತ್ತಕ ಬಂದ ಮಗ.”

“ಹೊಟ್ಟಿಕಿಚ್ಚಿಗೆ ಒಂದ ಕೊಡ ನೀರ ಹಾಕ್ರಿ ಮೊದಲ. ಕಾಕಾಗ ನಿಮ್ಮ ಮಾತೂ ಕೇಳೂದಿಲ್ಲ, ನನ್ನ ಮಾತೂ ಕೇಳೂದಿಲ್ಲ.”

“ಹುಚ್ಚ ಹಿಡದೈತೇನಲೇ? ಬಿಜಾಪುರದಾಗ ತೋರಿಸಿ ಬಂದೇನಿ. ಒಂದೂ ತಪ್ಪಲಿಲ್ಲ.”

ದಸ್ತಗೀರ ಗಲ್ಲೆಯ ಮೇಲೆ ಕೈಯೂರಿದ. ಆಮೇಲೆ ಕೇಳಿದ: “ಆ ಮಷೀನಿನಾಂವ ತನ್ನ ಕೈ ಎಲ್ಲಿ ಇಟ್ಟಿದ್ದಾ?”

ಮಷೀನಿನವನ ಕೈ ಮೇಜಿನ ಮೇಲೆ, ಗುಂಡಿಯ ಮೇಲೆ ಇತ್ತು, ಅಪ್ಪನ ಕಣ್ಣೆದುರು. ಅಪ್ಪ ಕೇಳಿದ್ದು ಕಿವಿಯಿಂದಲ್ಲ, ಆ ಮಣಿಕಟ್ಟು ತಿರುಗುವುದನ್ನು ನೋಡಿ ಬೆರಳೆತ್ತಿದ್ದ. ವಲ್ಲಿಯ ಅಡಿಯ ಕೈಯನ್ನೇ ಓದುವವನಿಗೆ ಮೇಜಿನ ಮೇಲಿನ ಕೈ ಯಾವ ಲೆಕ್ಕ?

ನನ್ನ ಬುದ್ಧಿಗಿಷ್ಟು ನಗಿರಿ. ಹೋರಿ ಕೊಳ್ಳುವವರಿಗೆಲ್ಲ ನಾನು ಪುಕ್ಕಟೆ ಸಲಹೆ ಕೊಡುತ್ತಿದ್ದೆ: ಹಿಂದೆ ನಿಂತು ಚಪ್ಪಾಳೆ ಹೊಡೀರಿ, ಕಿವಿ ತಿರುಗಿಸತೈತೋ ಇಲ್ಲೋ ನೋಡ್ರಿ. ಹೋರಿಗೆ ಮಾಡಿದ ಪರೀಕ್ಷೆಯನ್ನು ಹೆತ್ತ ಅಪ್ಪನಿಗೆ ಮಾಡಿರಲಿಲ್ಲ.

“ನಿನಗ ಎಂದಿನಿಂದ ಗೊತ್ತು?”

“ಐದು ವರ್ಷ ಆತ್ರಿ. ಕಾಕಾ ಆಣಿ ಹಾಕಿಸಿದ್ರು. ಸಂತ್ಯಾಗ ಗೊತ್ತಾದ್ರ ದಲಾಲಿ ಹೋಗತೈತಿ, ಮಗಗ ಗೊತ್ತಾದ್ರ ಅಂಗಡಿ ಮೂಲ್ಯಾಗ ಕುಂಡ್ರಸತಾನ ಅಂದ್ರು. ನಿನ್ನೆ ಸಂತ್ಯಾಗ ಹಿಂದಿನಿಂದ ಚಕ್ಕಡಿ ಬಂತು. ನಾ ಜಗ್ಗಲಿಲ್ಲ ಅಂದ್ರ ಹೋಗಿಬಿಡತಿದ್ರು. ಅದಕ್ಕ ಆಣಿ ಮುರದೇನಿ.”

ನಿಜ ಹೇಳುತ್ತೇನೆ. ಅಪ್ಪ ಕಿವುಡನಾದ ಎಂದು ಆ ಕ್ಷಣ ನನಗೆ ದುಃಖವಾಗಲಿಲ್ಲ. ಐದು ವರ್ಷದ ಗುಟ್ಟು ದಸ್ತಗೀರನ ಹತ್ತಿರ ಇತ್ತು, ನನ್ನ ಹತ್ತಿರ ಇರಲಿಲ್ಲ ಎಂದು ಉರಿಯಿತು. ದುಃಖ ಬಂದದ್ದು ಆಮೇಲೆ.

ಮೂವರೂ ಮತ್ತೆ ಬಿಜಾಪುರಕ್ಕೆ ಹೋದೆವು. ದಸ್ತಗೀರ ಯಾರನ್ನೂ ಕೇಳದೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟ. ಅಪ್ಪ ಗೋಡೆ ನೋಡುತ್ತ ಕೂತ. ಮಷೀನಿನವನು ಗುಂಡಿ ತಿರುಗಿಸಿದ, ಇನ್ನಷ್ಟು ತಿರುಗಿಸಿದ. ಕೊನೆಗೆ ಹೆಡ್‌ಫೋನಿನಿಂದ ಸಪ್ಪಳ ಹೊರಗೇ ಸೋರಿ, ಬಾಗಿಲಲ್ಲಿ ನಿಂತ ನನಗೂ ಜೀರುಂಡೆಯ ಹಾಗೆ ಕೇಳಿಸಿತು. ಅಪ್ಪನ ಬೆರಳು ತೊಡೆಯ ಮೇಲೆ ಮಲಗಿತ್ತು.

ತುಸು ಹೊತ್ತಿನ ಮೇಲೆ ಅಪ್ಪ ಹಿಂತಿರುಗಿ ನಮ್ಮ ಮುಖಗಳನ್ನು ನೋಡಿದ. ತಿಳಿದುಹೋಯಿತು. “ಈ ವ್ಯಾಪಾರ ಕುದರಲಿಲ್ಲಲೇ,” ಎಂದು ದಸ್ತಗೀರನಿಗೆ ಹೇಳಿ ನಕ್ಕ. ನನ್ನ ಕಡೆ ಮಾತ್ರ ಕಣ್ಣೆತ್ತಲಿಲ್ಲ.

ನಾನು ಸ್ಟೂಲು ಎಳೆದುಕೊಂಡು ಎದುರಿಗೆ ಕೂತೆ. ಅಪ್ಪ ತಲೆಯೆತ್ತುವ ತನಕ ಕಾದೆ. ನಿಧಾನವಾಗಿ ಹೇಳಿದೆ: “ಅಪ್ಪಾ, ಮೂಲ್ಯಾಗ ಕುಂಡ್ರಸೂದಿಲ್ಲ.”

ಅಪ್ಪ ನನ್ನ ತುಟಿಗಳನ್ನೇ ನೋಡಿದ. “ಇನ್ನೊಮ್ಮೆ ಹೇಳು,” ಎಂದ.

ಇನ್ನೊಮ್ಮೆ ಹೇಳಿದೆ. ದಸ್ತಗೀರ ಹೊರಗೆ ಹೋಗಿ ನಿಂತ. ಅವನ ಆ ಸಂಭಾವಿತತನಕ್ಕೂ ನನಗೆ ಹೊಟ್ಟೆಕಿಚ್ಚೇ ಆಯಿತು, ಸುಳ್ಳು ಯಾಕೆ ಹೇಳಲಿ.

ಅಪ್ಪನ ಕಿವಿಗೆ ಹಾಕುವ ಮಷೀನು ಬರಲು ಬಹಳ ದಿನ ಹಿಡಿಯಿತು. ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ, ಅದರಿಂದ ಕಿವಿಗೊಂದು ತಂತಿ. ಅಂಗಿಯ ಕಿಸೆಯಲ್ಲಿಟ್ಟು ಗುಂಡಿ ತಿರುಗಿಸಿದವನು ದಸ್ತಗೀರ. ಹಾಗಾಗಿ ಅಪ್ಪ ಮೊದಲು ಕೇಳಿದ ದನಿ ಅವನದೇ ಆಯಿತು. ನಾನು ಅವನನ್ನು ಸರಿಸಿ “ಅಪ್ಪಾ” ಎಂದೆ. ಅಪ್ಪ ಬೆಚ್ಚಿದ. “ನಿನ್ನ ದನಿ ನಮ್ಮಪ್ಪಂದಾಗೇತಲ್ಲೋ!” ಎಂದ. ಆ ಐದು ವರ್ಷದಲ್ಲಿ ನನ್ನ ದನಿ ಅಷ್ಟು ದಪ್ಪವಾಗಿತ್ತೇನೋ.

ಸಂತೆಯ ಗದ್ದಲದಲ್ಲಿ ಆ ಡಬ್ಬಿ ಬರೀ ಗೊರಗೊರ ಎನ್ನುತ್ತಿತ್ತು. ಅಪ್ಪ ಅದನ್ನು ಅಲ್ಲಿ ಬಂದ್ ಮಾಡಿ ಬೆರಳಿನಲ್ಲೇ ವ್ಯಾಪಾರ ಮಾಡುತ್ತಿದ್ದ. ಮನೆಯ ಹೊಸ್ತಿಲಿಗೆ ಬಂದ ಮೇಲೆಯೇ ಚಾಲೂ ಮಾಡುತ್ತಿದ್ದ. ದಸ್ತಗೀರನಿಗೆ ಬಂದ್, ನನಗೆ ಚಾಲೂ! ಅಪ್ಪನ ಕೊನೆಯ ತನಕ ಅದೊಂದು ಗೆಲುವನ್ನು ಎಣಿಸುತ್ತ ಬದುಕಿದೆ.

ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಎದುರು ಮನೆ ಮುಗಿಸಿ ಆ ಹುಡುಗಿ ನಮ್ಮ ಕಟ್ಟೆಗೆ ಮರಳಿ ಬಂದಿದ್ದಳು. ಅವಳು ಬಂದು ಎಷ್ಟು ಹೊತ್ತಾಗಿತ್ತೋ ತಿಳಿಯದು. ನನ್ನ ಮುಖದ ಮುಂದೆ ಕೈ ಆಡಿಸುತ್ತಿದ್ದಳು.

“ಅಜ್ಜಾ, ನಿಮಗೇನರೆ ಕಿವಿ ತೊಂದ್ರಿ ಐತೇನ್ರಿ?”

“ಏನೂ ಇಲ್ಲವ್ವಾ, ಗಟ್ಟಿ ಅದೇನಿ.”

ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ನನ್ನ ಹೆಂಡತಿ ಮೊರ ಕೆಳಗಿಟ್ಟಳು. “ಬರಕೊ ಯವ್ವಾ. ಬಲಗಿವಿ. ಎರಡು ವರ್ಷ ಆತು.”

ನಾನು ಅವಳ ಕಡೆ ಪೂರ್ತಿ ತಿರುಗಿದೆ. “ಎರಡು ವರ್ಷದಿಂದ ಗೊತ್ತಿದ್ದೂ ನನಗ ಯಾಕ ಹೇಳಲಿಲ್ಲ?”

“ದಿನಾ ಹೇಳೇನ್ರಿ,” ಎಂದಳು. “ನಿಮಗ ಕೇಳಿಲ್ಲ.”

ಚೌಕಾಸಿಗೆ ಜಾಗವೇ ಇರಲಿಲ್ಲ. ಹುಡುಗಿ ಹೆಡ್‌ಫೋನು ಚಾಚಿದಳು. ನಾನು ಟೊಪ್ಪಿಗೆ ತೆಗೆದು ಹೆಂಡತಿಯ ಕೈಗೆ ಕೊಟ್ಟೆ.